ಬಚ್ಚಲಗಲ್ಲಿನ ಕೆಳಗಿನ ಆನೆ

ನಮ್ಮೂರಿನ ಹಳೆಯ ಅಗಸಿಗೆ ಎಡಕ್ಕೊಂದು ಬಲಕ್ಕೊಂದು ಕಲ್ಲಿನ ಆನೆಗಳಿದ್ದವು ಎಂದು ಊರವರೆಲ್ಲ ಹೇಳುತ್ತಾರೆ. ಯಾರನ್ನೇ ಕೇಳಿ, ಸೊಂಡಿಲು ಯಾವ ಕಡೆ ತಿರುಗಿತ್ತು ಎಂಬುದನ್ನೂ ಸೇರಿಸಿ ಹೇಳುತ್ತಾರೆ. ಆ ಊರಬಾಗಿಲು ಬಿದ್ದ ಮೇಲೆ ಹುಟ್ಟಿದವರು ಇನ್ನೂ ಖಚಿತವಾಗಿ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ನನ್ನ ನೆನಪಿನಲ್ಲಿ ಬಾಗಿಲಿನ ಎರಡೂ ಬದಿಗೆ ಇದ್ದದ್ದು ಖಾಲಿ ಗೂಡುಗಳು. ಒಂದರಲ್ಲಿ ಯಾರದೋ ಕೋಳಿ ಮೊಟ್ಟೆ ಇಡುತ್ತಿತ್ತು. ಇಂಥ ಸಾಕ್ಷಿ ಕಣ್ಣೆದುರಿಗಿದ್ದಾಗ ಆನೆಯ ಮಾತು ಎಲ್ಲಿಂದ ಬಂತು ಎಂಬುದು ನನ್ನ ಪ್ರಶ್ನೆ.

"ನೀ ಆವಾಗ ಚಡ್ಡಿ ಸೈತ ಹಾಕ್ಕೋತಿರ್ಲಿಲ್ಲ. ಈಗ ಸಾಕ್ಷಿ ಹೇಳಾಕ ಬಂದಿ" ಎನ್ನುತ್ತಿದ್ದಳು ಆಯಿ, ನಮ್ಮಪ್ಪನ ತಾಯಿ.

ಚಡ್ಡಿಗೂ ಕಣ್ಣಿಗೂ ಏನು ಸಂಬಂಧ ಎಂದು ನಾನು ಕೇಳಬೇಕಾದದ್ದೇ. ಯಾಕೆಂದರೆ ಹೈಸ್ಕೂಲಿನಿಂದಲೂ ನಾನು ಚರ್ಚಾಕೂಟದ ಹುಡುಗ. ಸಿಂದಗಿಯಲ್ಲಿ ಹಳ್ಳಿಗಿಂತ ಪಟ್ಟಣ ಮೇಲೆಂದು ವಾದಿಸಿ ಬಹುಮಾನದ ಕಪ್ಪು ತಂದಿದ್ದೆ. ಬಾಗೇವಾಡಿಯಲ್ಲಿ ಪಟ್ಟಣಕ್ಕಿಂತ ಹಳ್ಳಿ ಮೇಲೆಂದು ವಾದಿಸಿ ಇನ್ನೊಂದು ತಂದೆ. ಎರಡೂ ಕಪ್ಪುಗಳಲ್ಲಿ ಆಯಿ ಸಾಸಿವೆ ಜೀರಿಗೆ ಹಾಕಿಟ್ಟಿದ್ದಳು.

ಅಗಸಿ ಬಿದ್ದದ್ದು ಬಸ್ಸಿನ ಸಲುವಾಗಿ. ಆಗ ನಾವಿನ್ನೂ ಮುಂಬಯಿ ರಾಜ್ಯದಲ್ಲಿದ್ದೆವು. ಇಂಡಿಯಿಂದ ಬಸ್ಸು ಬರುತ್ತದೆ, ನೆತ್ತಿಯ ಮೇಲೆ ನಿಂಬೆಹಣ್ಣಿನ ಬುಟ್ಟಿ ಹೇರಿದರೆ ಅಗಸಿಯೊಳಗೆ ಹಾಯುವುದಿಲ್ಲ ಎಂದು ಊರೇ ಕೂಡಿ ಕೆಡವಿತು. ಬಸ್ಸೇನೋ ಬಂತು. ಆದರೆ ಒಳಗೆ ಹೊರಳಿಸಲು ಜಾಗವಿಲ್ಲ ಎಂದು ಡ್ರೈವರ್ ಹೊರಗೇ ನಿಲ್ಲಿಸಿದ. ಇವತ್ತಿಗೂ ಹೊರಗೇ ನಿಲ್ಲುತ್ತದೆ. ಬಿದ್ದ ಕಲ್ಲುಗಳನ್ನು ಜನ ಚಕ್ಕಡಿಯಲ್ಲಿ ಹೇರಿಕೊಂಡು ಹೋದರು. ಊರಿಗೆಲ್ಲ ಹೊಸ ಕಟ್ಟೆ, ಹೊಸ ಗೋದಲಿ, ಹೊಸ ಮೆಟ್ಟಿಲು ಬಂದವು. ನಮ್ಮ ಮನೆಗೆ ಬಚ್ಚಲಗಲ್ಲು ಬಂತು.

ಇದಾದ ಮೇಲೆ ಆನೆಗಳು ಹುಟ್ಟಿದವು. ಹುಟ್ಟಿದ್ದು ಇಂಡಿಯ ಪೇಟೆಯಲ್ಲಿ, ಒಂದು ಫೋಟೋ ಅಂಗಡಿಯಲ್ಲಿ. ಅಂಗಡಿಯ ಕಾಕಾ ಮೂಲತಃ ನಮ್ಮೂರಿನವರೇ, ಮಸೀದಿ ಓಣಿಯವರು. ಅವರ ಹತ್ತಿರ ಸೊಲ್ಲಾಪುರದಿಂದ ತಂದ ಪರದೆಯೊಂದಿತ್ತು: ಕೆರೆ, ಹಂಸ, ಹಿಂದೆ ಸಾಹೇಬರ ಬಂಗಲೆ. ನಮ್ಮ ಕಡೆಯ ಜನ ಧೋತರ ಉಟ್ಟು ಹಂಸದ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಅಗಸಿ ಬಿದ್ದ ಸುದ್ದಿ ಕೇಳಿ ಕಾಕಾ ಆ ಪರದೆಯ ಮೇಲೆಯೇ ಬಣ್ಣ ಬಳಿದು, ನೆನಪಿನಿಂದ ನಮ್ಮ ಅಗಸಿಯನ್ನು ಬರೆದರು. ಮುಂದೆ ಸಂತೆಗೆ, ಕೋರ್ಟಿಗೆ ಇಂಡಿಗೆ ಹೋದವರೆಲ್ಲ ಇಲ್ಲದ ಅಗಸಿಯ ಮುಂದೆ ನಿಂತು ಬಂದರು. ಮನೆಮನೆಯ ಗೋಡೆಗೂ ಅದು ಏರಿತು. ಎಲ್ಲ ಫೋಟೋದಲ್ಲೂ ಎರಡು ಆನೆ.

"ಫೋಟೋದಾಗ ಐತಿ, ಮತ್ತೇನ ಬೇಕು?" ಎನ್ನುತ್ತಿದ್ದರು ಜನ, ಆಯಿಯೂ. ಫೋಟೋದಲ್ಲಿ ಅಗಸಿಯ ನೆತ್ತಿಗೆ ಒಂದು ಮೊಳೆಯೂ ಇತ್ತು, ನಡುವೆ ಸೀರೆಯ ನಿರಿಗೆಯಂಥ ಮಡಿಕೆಯೂ ಇತ್ತು. ನಾನು ಬೆರಳಿಟ್ಟು ತೋರಿಸಿದರೆ, "ಹಳೀ ಅಗಸಿ, ಸ್ವಲ್ಪ ಬಾಗಿತ್ತು" ಎನ್ನುತ್ತಿದ್ದರು.

ನಾನು ಬಿಜಾಪುರದ ಕಾಲೇಜು ಸೇರಿದ ಮೇಲೆ, ಒಂದು ರಜೆಯಲ್ಲಿ, ಊರಿಗೆ ಮತ್ತೆ ಕಮಾನು ಕಟ್ಟಿಸುವ ಮಾತು ಬಂತು. ಕಟ್ಟಿಸಿದರೆ ಹಳೆಯ ಅಗಸಿಯಂತೆಯೇ ಇರಲಿ ಎಂದು ಹಿರಿಯರು. ಸಿಮೆಂಟಿನದಾಗಲಿ, ಮೇಲೆ ತಮ್ಮ ಹೆಸರಿರಲಿ ಎಂದು ಪಂಚಾಯಿತಿ ಚೇರಮನ್ನರು. ಚಾವಡಿಯಲ್ಲಿ ಸಭೆ ಸೇರಿತು. ಕಾಕಾ ಪರದೆಯನ್ನು ಚಾಪೆಯಂತೆ ಸುರುಳಿ ಸುತ್ತಿ, ಬಸ್ಸಿನ ಮೇಲೆ ಹಾಕಿಕೊಂಡು ಬಂದರು. ಗೋಡೆಗೆ ಕಟ್ಟಿ, ಪಕ್ಕದಲ್ಲಿ ಮದುವೆಯ ಹೆಣ್ಣಿನ ತಂದೆಯಂತೆ ನಿಂತರು.

"ಅಗಸಿಂದು ಇದೊಂದ ಚಿತ್ರ ಉಳದೈತ್ರಿ" ಅಂದರು. "ನಾ ಅಂಗಡ್ಯಾಗ ಮಾಡಿದ್ದೆಲ್ಲಾ ಮಂದೀ ಮಾರೀ ಫೋಟೋ. ನನ್ನ ಕೈಲಿಂದ ನನ್ನದಂತ ಬರದದ್ದು ಇದೊಂದ. ಇದರಂಗ ಕಟ್ಟಿದ್ರ ನಾ ಹುಟ್ಟಿದ್ದು ಸಾರ್ಥಕ ಆತು."

ಚೇರಮನ್ನರು ಮೀಸೆ ತಿರುವಿ, "ಚಿತ್ರ ಖರೇ ಇದ್ರ ಹಂಗ ಕಟ್ಟೂಣು. ಸುಳ್ಳಿದ್ರ ಸಿಮೆಂಟ್. ಯಾರದರ ತಕರಾರ ಐತೇನು?" ಎಂದು ಕೇಳಿದರು.

ತಕರಾರಿದೆಯೇ ಎಂದು ಸಭೆಯಲ್ಲಿ ಕೇಳಿದಾಗ ಸುಮ್ಮನೆ ಕೂರುವ ಅಭ್ಯಾಸ ನನಗಿರಲಿಲ್ಲ. ಎದ್ದೆ. "ಅಧ್ಯಕ್ಷರೇ, ಆನೆಗಳು ಕಲ್ಲಿನವಾಗಿದ್ದರೆ ಅಗಸಿಯ ಉಳಿದ ಕಲ್ಲುಗಳಂತೆ ಅವೂ ಊರಿನಲ್ಲೇ ಎಲ್ಲೋ ಇರಬೇಕು. ಎಲ್ಲಿವೆ? ನಡೆದುಕೊಂಡು ಹೋದವೇ?" ಎಂದೆ. ಯಾರೋ ನಕ್ಕರು. ಚೇರಮನ್ನರು ಮಾತ್ರ ನಗದೆ, "ನೋಡ್ರಿ, ಓದಿದ ಹುಡಗ್ರು ಹಿಂಗಿರಬೇಕು. ಮುದ್ದೇಬಿಹಾಳದಿಂದ ಕಲ್ಲ ಕಡಿಯೂ ಗೌಂಡಿ ಬರೂತನಾ ಹುಡುಕಲಿ. ಆನಿ ಇದ್ದಿಲ್ಲಂತ ಸಿದ್ಧ ಮಾಡಿದ್ರ ಮುಗೀತು" ಅಂದರು. ಬಾಗಿಲು ದಾಟುವಾಗ ನನ್ನ ಬೆನ್ನು ತಟ್ಟಿದರು. ಹುಟ್ಟಿದಾಗಿನಿಂದ ಆ ಮನುಷ್ಯನೊಡನೆ ನಾನು ಯಾವ ಮಾತಿನಲ್ಲೂ ಒಮ್ಮತಕ್ಕೆ ಬಂದವನಲ್ಲ. ಬೆನ್ನಿಗೆ ಸ್ವಲ್ಪ ಹೊತ್ತು ಇರುಸುಮುರುಸಾಯಿತು.

ಆನೆ ಹುಡುಕಲು ಹೊರಟೆ. ಊರಿನ ಗೋದಲಿ, ಮೆಟ್ಟಿಲು, ಕಟ್ಟೆ ಒಂದನ್ನೂ ಬಿಡಲಿಲ್ಲ. ಜನ ಬಾಗಿಲಲ್ಲೇ ಕೇಳುತ್ತಿದ್ದರು, "ಏನ್ ವಕೀಲಸಾಹೇಬ್ರ, ಆನಿ ತಪ್ಪಿಸ್ಕೊಂಡಾವಂತ?" ಒಂದು ಗೋದಲಿಯಲ್ಲಿ ಕಮಲ ಸಿಕ್ಕಿತು. ಒಂದು ಮೆಟ್ಟಿಲಿನಲ್ಲಿ ಯಾವುದೋ ಪ್ರಾಣಿಯ ಅರ್ಧ ಕಾಲು. ಮನೆಯವರು ಆನೆಯದೇ ಎಂದರು. ಕಾಲು ಇದ್ದ ಮಾತ್ರಕ್ಕೆ ಆನೆಯಾಗುವುದಾದರೆ ನಾವು ಕೂತ ಹೊರಸೂ ಆನೆ ಎಂದು ಹೇಳಿ, ಅವರು ಕೊಟ್ಟ ಚಹಾ ಕುಡಿದು ಬಂದೆ.

ಕೊನೆಗೆ ಮೂಲಕ್ಕೇ ಹೋಗೋಣವೆಂದು ಇಂಡಿಯ ಬಸ್ಸು ಹತ್ತಿದೆ. ಕಾಕಾ ನನ್ನನ್ನು ನೋಡಿದ ಕೂಡಲೇ ಸ್ಟೂಲು ಎಳೆದು, "ಕೂಡಪಾ, ಒಂದು ಫೋಟೋ ತಗೀತೇನಿ. ನಿನ್ನ ಮಾರಿ ಜಗಳದಾಗ ಚಂದ ಬರ್ತೈತಿ" ಅಂದರು.

"ಫೋಟೋ ಇರಲ್ರಿ ಕಾಕಾ. ಖರೇ ಹೇಳ್ರಿ, ಆನಿ ಯಾಕ ಬರದ್ರಿ?"

"ಎಣ್ಣಿ ಸಲುವಾಗಿ."

ನನಗೆ ತಿಳಿಯಲಿಲ್ಲ. ಕಾಕಾ ಪರದೆಯ ಹತ್ತಿರ ಹೋಗಿ ತೋರಿಸಿದರು. ನಮ್ಮ ಜನ ಫೋಟೋ ಎಂದರೆ ತಲೆಗೆ ಸೇರುಗಟ್ಟಲೆ ಎಣ್ಣೆ ಹಚ್ಚಿಕೊಂಡು ಬರುತ್ತಾರೆ. ಕೂತವರು ಗಟ್ಟಿಯಾಗಿ ಕೂರುತ್ತಾರೆ, ಪಕ್ಕದಲ್ಲಿ ನಿಂತವರು ಅಂಜಿ ಹಿಂದಿನ ಪರದೆಗೆ ತಲೆ ಒರಗಿಸುತ್ತಾರೆ. ಎಡಕ್ಕೂ ಬಲಕ್ಕೂ ದೊಡ್ಡ ಎರಡು ಕಲೆ. "ಹಂಸದ ಕಾಲದಿಂದ ಬಿದ್ದ ಕಲಿ, ಬಣ್ಣ ಬಳದ್ರೂ ಎದ್ದು ಬರ್ತಿತ್ತು. ಅಷ್ಟು ದೊಡ್ಡ ಕಲಿ ಮುಚ್ಚಾಕ ಆನಿಗಿಂತ ಚಲೋ ಜನಾವರ ಯಾವುದೈತಿ, ನೀನ ಹೇಳು."

ಗೆದ್ದೆ ಅಂದುಕೊಂಡೆ. "ಅಂದ್ರ ಅಗಸಿಗಿ ಆನಿ ಇದ್ದಿಲ್ಲ?"

"ಹಂಗೆಲ್ಲಿ ಅಂದ್ನೆಪಾ? ಗೂಡಿನ ಕೆಳಗ ಏನೋ ಕೆತ್ತಿದ್ದು ಇತ್ತು. ವರ್ಸಾ ಸುಣ್ಣಾ ಬಳದು ಬಳದು ಉಬ್ಬು ಅಷ್ಟ ಉಳದಿತ್ತು. ಆನ್ಯೋ ಎತ್ತೋ ನನಗೂ ತಿಳೀಲಿಲ್ಲ. ಸುಮ್ಮನ ಬರೀಬಾರದಂತ ತಿಳದವರ್ನ ಕೇಳಿದೆ. ಅವ್ರು ಆನಿ ಅಂದ್ರು."

"ಯಾರವರು?"

"ನಿಮ್ಮ ಆಯಿ."

ಆಯಿಯನ್ನು ಕೇಳಿದರೆ ಫೋಟೋದಲ್ಲಿದೆ ಎನ್ನುತ್ತಾಳೆ. ಫೋಟೋದವರನ್ನು ಕೇಳಿದರೆ ಆಯಿ ಹೇಳಿದಳು ಎನ್ನುತ್ತಾರೆ. ಗಾಣದೆತ್ತಿನಂತೆ ಸುತ್ತುವ ಇಂಥ ವಾದವನ್ನು ಬಾಗೇವಾಡಿಯಲ್ಲಿ ಎದುರಾಳಿ ಮಾಡಿದ್ದರೆ ಒಂದೇ ಮಾತಿನಲ್ಲಿ ಕೆಡವುತ್ತಿದ್ದೆ. ಹೊರಡುವಾಗ ಕಾಕಾ ಕ್ಯಾಮೆರಾಕ್ಕೆ ಕರಿ ಬಟ್ಟೆ ಮುಚ್ಚುತ್ತ, "ಸಿಮೆಂಟ್ ಕಮಾನ ಆದ್ರ ಈ ಪರದೆ ಹರದು ಒರಸಾಕ ಇಟ್ಕೋತೇನಿ, ನಿನ್ನ ಮ್ಯಾಲೆ ಸಿಟ್ಟಿಲ್ಲ" ಅಂದರು. ಸಿಟ್ಟು ಮಾಡಿದ್ದರೆ ಉತ್ತರ ಕೊಡಬಹುದಿತ್ತು.

ಊರಿಗೆ ಬಂದು ನೋಡುತ್ತೇನೆ, ಆಯಿ ಬಚ್ಚಲಲ್ಲಿ ಅರಿವೆ ಒಗೆಯುತ್ತಿದ್ದಾಳೆ. ಆ ಕಲ್ಲಿನ ಮೇಲೆ. ಊರಿನ ಗೋದಲಿಗಳನ್ನೆಲ್ಲ ತಡಕಿದವನಿಗೆ ನಮ್ಮ ಮನೆಗೂ ಅಗಸಿಯ ಕಲ್ಲು ಬಂದದ್ದು ಅಲ್ಲಿಯವರೆಗೆ ಹೊಳೆದಿರಲಿಲ್ಲ. ಮೇಲಿನ ಮೈ ನುಣ್ಣಗೆ ಸಪಾಟು. ಕೆತ್ತಿದ ಕಲ್ಲನ್ನು ಬಚ್ಚಲಿಗೆ ಹಾಕುವಾಗ ಕೆತ್ತಿದ ಮೈ ನೆಲಕ್ಕೆ ಮಾಡಿ ಹಾಕುವುದು ನಮ್ಮ ಕಡೆಯ ರೂಢಿ. ಕಾಲಿಗೆ ಚುಚ್ಚಬಾರದು, ದೇವರಿದ್ದರೆ ತುಳಿಯಲೂ ಬಾರದು.

ಹಿತ್ತಲಿನಿಂದ ಹಾರೆ ತಂದೆ.

"ಏಳು ಆಯಿ, ಕಲ್ಲ ಹೊಳ್ಳಿಸ್ತೇನಿ."

"ಹೊಳ್ಳಿಸಿ ನಾಳೆ ಅರಬಿ ನಿನ್ನ ತಲಿ ಮ್ಯಾಲೆ ಒಗೀಲೇನು?"

"ಕಾಕಾಗ ಆನಿ ಅಂತ ಹೇಳಿದಾಕಿ ನೀನಂತ. ನೀ ಯಾವಾಗ ನೋಡಿದ್ದಿ?"

"ನೋಡಿದ್ದೆ ಅಂತ ಯಾವಾಗ ಅಂದ್ನಿ?" ಆಯಿ ಧೋತರ ಹಿಂಡುತ್ತಲೇ ಹೇಳಿದಳು. "ಮದಿವ್ಯಾಗಿ ಬಂದಾಗ ಮಾರಿತುಂಬ ಸೆರಗಿತ್ತು. ಅಗಸ್ಯಾಗ ಚಕ್ಕಡಿ ನಿಂತಿತ್ತು. ಅಳು ಬರಾಕತ್ತಿತ್ತು. ಏನರ ಹಿಡಕೊಳ್ಳಾಕ ಕೈ ಚಾಚಿದ್ನಿ, ಸೊಂಡಿ ಸಿಕ್ತು. ಚಕ್ಕಡಿ ಹೊಂಡೂತನಾ ಹಿಡಕೊಂಡಿದ್ನಿ. ಅಷ್ಟ."

ಹಾರೆಯ ತುದಿ ನೆಲಕ್ಕೆ ಊರಿದೆ. ಆದರೆ ಅಭ್ಯಾಸ ಬಿಡಬೇಕಲ್ಲ. "ಕುರುಡರು ಆನಿ ಮುಟ್ಟಿದ ಕಥಿ ಕೇಳೀಯಿಲ್ಲ? ಒಬ್ಬ ಹಗ್ಗ ಅಂದ, ಒಬ್ಬ ಕಂಬ ಅಂದ" ಎಂದೆ.

"ಏನರ ಅನ್ನಲಿ ಬಿಡು. ಅವ್ರು ಮುಟ್ಟಿದ್ದು ಆನೀನ ಅಲ್ಲೇನ?"

ಇಂಥ ಎದುರಾಳಿ ನನಗೆ ಸಿಂದಗಿಯಲ್ಲೂ ಸಿಕ್ಕಿರಲಿಲ್ಲ, ಬಾಗೇವಾಡಿಯಲ್ಲೂ ಸಿಕ್ಕಿರಲಿಲ್ಲ. ಹಾರೆ ಗೋಡೆಗೆ ಒರಗಿಸಿದೆ.

ಗೌಂಡಿ ಬಂದ. ಸಭೆ ಸೇರಿತು. ಕಾಕಾ ಪರದೆಯ ಪಕ್ಕ ನಿಂತು ನನ್ನ ಬಾಯಿ ನೋಡುತ್ತಿದ್ದರು. "ಹೇಳಪಾ, ಆನಿ ಇದ್ವೋ ಇದ್ದಿಲ್ಲೋ?" ಎಂದರು ಚೇರಮನ್ನರು. ಎಣ್ಣೆಯ ಕಲೆಯ ಮಾತು ನಾಲಗೆಯ ತುದಿಯಲ್ಲಿತ್ತು. "ಇದ್ದವು ಎಂದು ನಾನು ಹೇಳುವುದಿಲ್ಲ. ಇರಲಿಲ್ಲ ಎಂದು ಸಿದ್ಧವಾಗಿಲ್ಲ. ಸಿದ್ಧವಾಗದ ತಕರಾರು ಬಿದ್ದುಹೋಗುತ್ತದೆ" ಎಂದು ಹೇಳಿ ಕೂತೆ. ನನ್ನ ಪೂರ್ತಿ ಚರ್ಚಾಜೀವನದಲ್ಲಿ ಅಷ್ಟು ಚಿಕ್ಕ ಭಾಷಣ ಬೇರೆ ಇಲ್ಲ. ಚೇರಮನ್ನರು ಮತ್ತೆಂದೂ ನನ್ನ ಬೆನ್ನು ತಟ್ಟಲಿಲ್ಲ.

ಅಗಸಿ ಪರದೆಯಂತೆಯೇ ಎದ್ದಿತು. ಗೌಂಡಿ ಅಲ್ಲಿಯವರೆಗೆ ಗುಡಿಯ ನಂದಿ ಬಸವಣ್ಣನನ್ನು ಬಿಟ್ಟು ಬೇರೇನೂ ಕಡಿದವನಲ್ಲ. ಹಾಗಾಗಿ ನಮ್ಮ ಆನೆಗಳಿಗೆ ಸೊಂಡಿಲಿದೆ, ಬೆನ್ನ ಮೇಲೆ ಡುಬ್ಬವೂ ಇದೆ. ಕಾಕಾ ಅದರ ಮುಂದೆ ಊರವರನ್ನೆಲ್ಲ ನಿಲ್ಲಿಸಿ ಬಿಸಿಲಿನಲ್ಲಿ ಫೋಟೋ ತೆಗೆದರು. ಆ ಫೋಟೋ ನೋಡಿದವರು ಹಳೆಯ ಅಗಸಿಯ ಆನೆಗಳಿಗೂ ಡುಬ್ಬವಿತ್ತು ಎಂದು ಈಗಾಗಲೇ ಹೇಳತೊಡಗಿದ್ದಾರೆ.

ರಜೆಗೆ ಹೋದಾಗಲೆಲ್ಲ ನಾನು ಬಚ್ಚಲಿನ ಬಾಗಿಲಲ್ಲಿ ನಿಲ್ಲುತ್ತೇನೆ. ಹಾರೆ ಇನ್ನೂ ಅದೇ ಗೋಡೆಗಿದೆ. ಆಯಿ ಅದರ ಮೇಲೆ ಒದ್ದೆ ಅರಿವೆ ಹರವುತ್ತಾಳೆ. ಹೋದ ಸಲ ಅವಳು ನನ್ನ ಅಂಗಿಗೆ ಸಬಕಾರ ತಿಕ್ಕುತ್ತಿದ್ದಾಗ ಕೇಳಿಯೇಬಿಟ್ಟೆ:

"ಆಯಿ, ಈ ಕಲ್ಲ ಬಂದ ದಿನ ನಿನ್ನ ಮಾರಿಮ್ಯಾಲೆ ಸೆರಗಿರ್ಲಿಲ್ಲ. ಮುಂದ ನಿಂತು ಬೋರಲ ಹಾಕಿಸಿದಾಕಿ ನೀನ. ಆವಾಗ ನೋಡೀಯಲ್ಲ, ಏನಿತ್ತು ಕೆಳಗ?"