ತಡೆದವನಿಗೆ ಅಂಕವಿಲ್ಲ

ಅವನ ಅಂಗಿ ಬೂದು ಬಣ್ಣದ್ದಾಗಿತ್ತು ಎಂದು ನನ್ನ ನೆನಪು. ಅದು ತಪ್ಪೆಂದು ನನಗೇ ಗೊತ್ತು. ಅಮೆರಿಕದ ವಿಡಿಯೊ ಕ್ಯಾಸೆಟ್ಟುಗಳು ಜರ್ಮನಿಯ ಬೊಬ್ಲಿಂಗೆನ್‌ನಲ್ಲಿದ್ದ ನಮ್ಮ ಮನೆಯ ಟೀವಿಗೆ ಒಗ್ಗದೆ ಕಪ್ಪು ಬಿಳುಪಾಗಿ ಮಾತ್ರ ಕಾಣುತ್ತಿದ್ದವು. ಹುಲ್ಲೂ ಬೂದು, ಆಕಾಶವೂ ಬೂದು. ಬೆನ್ನಿನ ಸಂಖ್ಯೆ ಎಂಬತ್ತಾರೋ ಎಂಬತ್ತೆಂಟೋ. ಆ ತಿಂಗಳ ನನ್ನ ದಿನಚರಿ ತೆಗೆದರೆ ಹವಾಮಾನ ಇದೆ, ಕೊತ್ತಂಬರಿ ಸಿಗಲಿಲ್ಲ ಎಂದಿದೆ, ಅವನ ಸುದ್ದಿಯೇ ಇಲ್ಲ. ಹಾಗಾಗಿ ಮುಂದೆ ಬರುವ ಮಾತುಗಳಲ್ಲಿ ಯಾವುದು ಮೊದಲು, ಯಾವುದು ಆಮೇಲೆ ಎಂಬುದರಲ್ಲಿ ಹೆಚ್ಚುಕಡಿಮೆ ಆಗಿರಬಹುದು. ಒಂದು ಮಾತಿನ ಬಗ್ಗೆ ಮಾತ್ರ ನನಗೆ ಅನುಮಾನವಿಲ್ಲ.

ಅದು ಗ್ರೀನ್ ಕಾರ್ಡಿನ ಕಾಲ. ಅಮೆರಿಕದ್ದಲ್ಲ, ಕಂಪ್ಯೂಟರ್ ಕೆಲಸದವರನ್ನು ಜರ್ಮನಿಯೇ ಐದು ವರ್ಷಕ್ಕೆಂದು ಕರೆಸಿಕೊಳ್ಳುತ್ತಿತ್ತಲ್ಲ, ಆ ಕಾರ್ಡು. ಕಾರ್ಡು ಗಂಡನದು. ನನ್ನ ಪಾಸ್‌ಪೋರ್ಟಿನಲ್ಲಿ ಕೆಲಸ ಮಾಡಲು ಅನುಮತಿ ಇಲ್ಲ ಎಂದು ಬರೆದಿತ್ತು. ನಾನು ಹುಬ್ಬಳ್ಳಿಯ ಕಾಲೇಜೊಂದರಲ್ಲಿ ಸಂಖ್ಯಾಶಾಸ್ತ್ರ ಕಲಿಸುತ್ತಿದ್ದವಳು, ಮದುವೆಯಾದ ಮೇಲೆ ಸಂಬಳವಿಲ್ಲದ ರಜೆ ಹಾಕಿ ಬಂದಿದ್ದೆ. ಜೂನಿನಲ್ಲಿ ಹಾಜರಾಗದಿದ್ದರೆ ಆ ಜಾಗ ಬೇರೆಯವರಿಗೆ ಹೋಗುತ್ತಿತ್ತು. ಇಬ್ಬರೂ ವಾಪಸು ಹೋಗುವುದೋ, ಇಲ್ಲೇ ಇರುವುದೋ? ಚಳಿಗಾಲದಿಂದ ಕೇಳುತ್ತಲೇ ಇದ್ದೆ. ಗಂಡನದು ಒಂದೇ ಉತ್ತರ: “ಡ್ರಾಫ್ಟ್ ಒಂದು ಮುಗೀಲಿ. ಆಮ್ಯಾಲೆ ಕೂತು ಮಾತಾಡೋಣಂತ.”

ಟಿಕೇಟು ತೆಗೆದುಕೊಂಡು ಹೊರಟುಬಿಡಬಹುದಿತ್ತಲ್ಲ ಎಂದು ಈಗ ನಾನೇ ಕೇಳಿಕೊಳ್ಳುತ್ತೇನೆ. ಆದರೆ ಮದುವೆಯಾಗಿ ವರ್ಷ ತುಂಬುವ ಮೊದಲೇ ಒಬ್ಬಳೇ ತವರಿಗೆ ಬಂದಿಳಿದವಳನ್ನು ನಮ್ಮ ಓಣಿ ಹೇಗೆ ನೋಡುತ್ತದೆ ಎಂದು ನಾನು ಚಿಕ್ಕಂದಿನಿಂದ ನೋಡಿದ್ದೆ. ಆ ನೋಟಕ್ಕೆ ಹೆದರಿದ್ದೆ ಎಂದುಕೊಂಡಿದ್ದೇನೆ. ಬೇರೆ ಕಾರಣವೂ ಇದ್ದಿರಬಹುದು, ಈಗ ನೆನಪಿಗೆ ಬರುತ್ತಿಲ್ಲ.

ಡ್ರಾಫ್ಟ್ ಎಂದರೆ ಅಮೆರಿಕದ ಫುಟ್‌ಬಾಲಿನದು, ಚೆಂಡನ್ನು ಕೈಯಲ್ಲಿ ಹಿಡಿದು ಆಡುವ ಆಟದ್ದು. ಕಾಲೇಜು ಮುಗಿಸಿದ ಆಟಗಾರರನ್ನು ಅಲ್ಲಿನ ಕ್ಲಬ್ಬುಗಳು ಪ್ರತಿ ವಸಂತದಲ್ಲಿ ಸರದಿಯಂತೆ ಆರಿಸಿಕೊಳ್ಳುತ್ತವೆ. ಯಾರ ಪಾಲಿಗೆ ಹೋಗಬೇಕೆಂದು ಆಟಗಾರ ಹೇಳುವಂತಿಲ್ಲ. ಗಂಡನ ಆಫೀಸಿನಲ್ಲಿ ಒಬ್ಬ ಅಮೆರಿಕನ್ ಇದ್ದ. ಬೊಬ್ಲಿಂಗೆನ್ ಪಕ್ಕದ ಅಮೆರಿಕನ್ ಸೇನೆಯ ನೆಲೆಯಲ್ಲಿದ್ದು, ಜರ್ಮನ್ ಹುಡುಗಿಯನ್ನು ಮದುವೆಯಾಗಿ ಇಲ್ಲೇ ನಿಂತವನು. ಈ ಆಟದ ಹುಚ್ಚು ಹಿಡಿಸಿದ್ದು ಅವನೇ. ಅವನು, ನನ್ನ ಗಂಡ, ಮೈಸೂರಿನ ಇಬ್ಬರು ಹುಡುಗರು, ನಾಲ್ವರೂ ಒಂದೊಂದು ಕಾಲ್ಪನಿಕ ತಂಡ ಕಟ್ಟಿಕೊಂಡಿದ್ದರು. ತಾವು ಆರಿಸಿದ ಆಟಗಾರ ನಿಜದ ಆಟದಲ್ಲಿ ಚೆಂಡು ಹಿಡಿದು ಓಡಿದರೆ ಇವರಿಗೆ ಅಂಕ. ಅವರದೇ ಒಂದು ನಿಯಮವೂ ಇತ್ತು: ಹೊಸಬನನ್ನು ಅಸಲಿ ಡ್ರಾಫ್ಟಿಗೆ ಮುಂಚೆಯೇ, ಅವನು ಯಾವ ಕ್ಲಬ್ಬಿಗೆ ಹೋಗುತ್ತಾನೆ ಎಂದು ಗೊತ್ತಾಗುವ ಮೊದಲೇ ಆರಿಸಬೇಕು.

ಗಂಡನ ತಂಡಕ್ಕೆ ಟೈಟ್ ಎಂಡ್ ಬೇಕಾಗಿದ್ದ. ಸಾಲಿನ ತುದಿಯಲ್ಲಿ ನಿಲ್ಲುವ ಆಟಗಾರ ಅವನು. ಕೆಲವು ಸಲ ಓಡಿಹೋಗಿ ಚೆಂಡು ಹಿಡಿಯಬೇಕು, ಕೆಲವು ಸಲ ಮೈಯೊಡ್ಡಿ ಎದುರಾಳಿಯನ್ನು ತಡೆಯಬೇಕು. ಎಷ್ಟು ಚೆನ್ನಾಗಿ ತಡೆದರೂ ಅಂಕವಿಲ್ಲ.

“ಹಗಲೆಲ್ಲ ಮನ್ಯಾಗ ಇರ್ತಿ. ಇವನ್ನ ನೋಡಿ ಹೇಳು,” ಎಂದು ಗಂಡ ಆ ಅಮೆರಿಕನ್ ಕೊಟ್ಟ ಕ್ಯಾಸೆಟ್ಟುಗಳನ್ನು ಮೇಜಿನ ಮೇಲಿಟ್ಟು ಹೋದರು.

ನೋಡಿದೆ. ಆ ವಾರ ನಮ್ಮ ಬಾಗಿಲಿಗೆ ಕೇರ್‌ವೋಖೆಯ ಹಲಗೆ ನೇತುಬಿದ್ದಿತ್ತು. ಅದು ಯಾರ ಬಾಗಿಲಲ್ಲಿರುತ್ತದೋ ಆ ಮನೆಯವರು ಆ ವಾರ ಮೆಟ್ಟಿಲು ಗುಡಿಸಿ ಒರೆಸಬೇಕು. ಪಾಸ್‌ಪೋರ್ಟು ಕೆಲಸ ಬೇಡ ಎನ್ನುತ್ತಿತ್ತು, ಹಲಗೆ ಮಾಡು ಎನ್ನುತ್ತಿತ್ತು. ಮೂರು ಅಂತಸ್ತು ಒರೆಸಿ ಬಂದು ಕ್ಯಾಸೆಟ್ ಹಾಕುತ್ತಿದ್ದೆ. ಕೆಳಮನೆಯ ಅಜ್ಜಿ ನಾನು ಒರೆಸಿದ ಮೇಲೆ ಮೂಲೆಗಳನ್ನು ಬೆರಳಿನಿಂದ ಮುಟ್ಟಿ ನೋಡುವುದು ಬಾಗಿಲ ಕಿಂಡಿಯಿಂದ ಕಾಣುತ್ತಿತ್ತು.

ಗಂಡ ಕಣ್ಣಿಟ್ಟಿದ್ದ ಆ ಬೂದು ಅಂಗಿಯ ಹುಡುಗ ಎತ್ತರ. ಬ್ಯಾಸ್ಕೆಟ್‌ಬಾಲ್ ಆಡುತ್ತಿದ್ದವನು, ಈ ಆಟಕ್ಕೆ ತಡವಾಗಿ ಬಂದಿದ್ದ. ಅಟ್ಟದ ಮೇಲಿನ ಡಬ್ಬಿ ತೆಗೆಯುವವನಂತೆ ನಿರಾಯಾಸವಾಗಿ ಗಾಳಿಯಲ್ಲಿ ಕೈ ಚಾಚಿ ಚೆಂಡು ಇಳಿಸಿಕೊಳ್ಳುತ್ತಿದ್ದ. ತಡೆಯುವ ಸರದಿ ಬಂದಾಗ ಮಾತ್ರ ನೆಟ್ಟಗೆ ನಿಂತುಬಿಡುತ್ತಿದ್ದ, ಕಾಲು ಜೋಡಿಸಿಕೊಂಡು. ಯಾರೋ ಬಂದು ಬೀಳಿಸುತ್ತಿದ್ದರು. ಬಿದ್ದಲ್ಲಿಂದಲೇ ಅವನು ತಲೆ ಹೊರಳಿಸಿ ಚೆಂಡು ಎಲ್ಲಿದೆ ಎಂದು ನೋಡುತ್ತಿದ್ದ. ಚೆಂಡು ಮೈದಾನದ ಆ ಕಡೆ ಹೋಗಿದ್ದರೂ ನೋಡುತ್ತಿದ್ದ. ರಿವೈಂಡ್ ಮಾಡಿ ಮಾಡಿ ನಾನು ನೋಡಿದ್ದು ಅದನ್ನೇ ಹೆಚ್ಚು.

ಶನಿವಾರ ಮಧ್ಯಾಹ್ನ ಎಲ್ಲರೂ ತಂತಮ್ಮ ಹೊಸಬರನ್ನು ಆರಿಸಲು ನಮ್ಮ ಮನೆಯಲ್ಲಿ ಸೇರಿದರು. ಸ್ಟುಟ್‌ಗಾರ್ಟ್‌ನಿಂದ ಚುರುಮುರಿ ತಂದು ಗಿರ್ಮಿಟ್ ಮಾಡಿದ್ದೆ. ಆ ಹುಡುಗನಿಗೆ ಅವರು ‘ಅಳಿಯ’ ಎಂದು ಹೆಸರಿಟ್ಟಿದ್ದರು. ಮೈಸೂರಿನವರಲ್ಲಿ ಒಬ್ಬನ ಲ್ಯಾಪ್‌ಟಾಪಿನಲ್ಲಿ ಜಾತಕ ಹಾಕುವ ಸಾಫ್ಟ್‌ವೇರ್ ಇತ್ತು.

“ಗುರು, ಅಳಿಯ ಹುಟ್ಟಿದ ಊರು ಲಿಸ್ಟಲ್ಲೇ ಇಲ್ಲ.”

“ಬಳ್ಳಾರಿ ಹಾಕು ಮಗಾ. ಅವನದೂ ಬಿಸಿಲೂರೇ ತಾನೆ?”

“ಬಳ್ಳಾರಿ ಹಾಕಿದ್ರೆ ಕುಜದೋಷ ಬರ್ತಿದೆ.”

“ಕುಜದೋಷ ಮದುವೆಗೆ ಕಣೋ, ಡ್ರಾಫ್ಟಿಗಲ್ಲ. ಅತ್ತಿಗೆ, ಹೌದು ತಾನೆ?”

ಇದೇನೆಂದು ಅಮೆರಿಕನ್ನನಿಗೆ ವಿವರಿಸಿದಾಗ ಅವನು ನಗಲಿಲ್ಲ. ಮಂಡಿಗೆ ಪೆಟ್ಟಾಗುವ ಬಗ್ಗೆ ಅದರಲ್ಲಿ ಏನಾದರೂ ಬರುತ್ತದೆಯೇ ಎಂದು ಕೇಳಿದ. ಆಮೇಲೆ ತನ್ನ ವರದಿ ಒಪ್ಪಿಸಿದ. ಅಲ್ಲಿ ಡ್ರಾಫ್ಟಿಗೆ ಮುಂಚೆ ಹುಡುಗರನ್ನು ಒಂದು ಕಡೆ ಕೂಡಿಹಾಕಿ ಚಡ್ಡಿಯಲ್ಲಿ ನಿಲ್ಲಿಸಿ ತೂಗುತ್ತಾರಂತೆ, ಅಂಗೈ ಅಳೆಯುತ್ತಾರಂತೆ, ಓಡಿಸಿ ನೋಡುತ್ತಾರಂತೆ. ಅಳಿಯ ಎಲ್ಲದರಲ್ಲೂ ಮೇಲು.

ಹುಬ್ಬಳ್ಳಿಯಲ್ಲಿ ನನ್ನನ್ನು ನೋಡಲು ಬಂದಾಗ ಗಂಡನ ಅಕ್ಕ ಒಳಗಿನಿಂದ ನೀರು ತಾ ಎಂದು ಎರಡು ಸಲ ಕಳಿಸಿದ್ದರು. ಬಾಯಾರಿಕೆಯಿಂದಲ್ಲ, ನಡಿಗೆ ನೋಡಲು. ಹೊರಡುವಾಗ ಅವರು ಅಂಗಳದಲ್ಲಿ ನನ್ನ ಅವ್ವನಿಗೆ ಹೇಳಿದ್ದು ಕಿಟಕಿಯಲ್ಲಿ ನನಗೆ ಕೇಳಿಸಿತ್ತು: “ಕಲಿತಾಕಿ ಅದಾಳ. ಆದ್ರೂ ಹುಡುಗಿ ಹೊಂದಿಕೊಂತಾಳ ಬಿಡ್ರಿ.”

“ನೀ ಏನಂತಿ?” ಗಂಡ ನನ್ನ ಕಡೆ ತಿರುಗಿದರು.

“ಅವನ್ನ ತಗೋಬ್ಯಾಡ್ರಿ,” ಎಂದೆ.

“ಯಾಕ? ಇಷ್ಟು ಛಲೋ ಹುಡುಗ!”

“ಹುಡುಗ ಛಲೋ ಅದಾನ್ರಿ. ಆದ್ರ ಯಾವ ಮನಿಗೆ ಹೋಗ್ತಾನ ಅಂತ ಗೊತ್ತಿಲ್ಲಲ್ಲ. ಚೆಂಡು ಒಗಿಯೋ ಮನಿಗೆ ಹೋದ್ರ ಸರಿ. ಒಗಿಯಲಾರದ ಮನಿಗೆ ಹೋದ್ರ ಇವನ್ನ ತುದಿಗೆ ನಿಲ್ಲಿಸಿ ಬರೀ ತಡಿ ಅಂತಾರ. ಅದು ಇವನ ಕೆಲಸಲ್ಲ.”

“ಅತ್ತಿಗೆ ಪಾಯಿಂಟ್ ಹಾಕಿದ್ರು ಗುರು,” ಎಂದ ಲ್ಯಾಪ್‌ಟಾಪಿನವನು.

ಗಂಡ ಗಿರ್ಮಿಟ್ ಬಾಯಿಗೆ ಹಾಕಿಕೊಂಡು ನಕ್ಕರು. “ಅಂಥಾ ಮೈಕಟ್ಟು ಇದ್ದಂವ ತಡಿಯೋದು ಕಲಿಯಂಗಿಲ್ಲೇನು? ಹೊಂದಿಕೊಂತಾನ ಬಿಡು.”

ಈ ಮಾತಿನ ಬಗ್ಗೆಯೇ ನನಗೆ ಅನುಮಾನವಿಲ್ಲದ್ದು. ನಾನು ತಟ್ಟೆಗಳನ್ನು ಎತ್ತಿಕೊಂಡು ಅಡುಗೆಮನೆಗೆ ಹೋದೆ. ಬಾಣಲೆ ತೊಳೆಯುವಾಗ ಹೊರಗೆ ಚಪ್ಪಾಳೆ ಕೇಳಿಸಿತು. ಗಂಡ ಅವನನ್ನೇ ಆರಿಸಿದ್ದರು.

ಅಂದು ಸಂಜೆ ಅಸಲಿ ಡ್ರಾಫ್ಟಿನಲ್ಲಿ ಅವನು ಹೋದದ್ದು, ಚೆಂಡು ಎಸೆಯುವುದಕ್ಕಿಂತ ಹೊತ್ತು ಓಡುವುದನ್ನೇ ನಂಬಿದ್ದ ಒಂದು ಕ್ಲಬ್ಬಿಗೆ.

ಮರುದಿನ ಭಾನುವಾರ. ಕೆಳಮನೆಯ ಅಜ್ಜಿಗೆ ಕೇಳಿಸಬಾರದೆಂದು ನಾವು ಮೆಲ್ಲಗೇ ಮಾತಾಡುತ್ತಿದ್ದೆವು. ಆ ಮನೆಯಲ್ಲಿ ಜಗಳಕ್ಕೂ ದನಿ ಎತ್ತುವಂತಿರಲಿಲ್ಲ.

“ಡ್ರಾಫ್ಟ್ ಮುಗೀತಲ್ರಿ. ಈಗ ಹೇಳ್ರಿ.”

“ಕಂಪನಿಯವ್ರು ಇನ್ನೂ ಎರಡು ವರ್ಷ ಇರು ಅಂದ್ರು. ಹೂಂ ಅಂದೀನಿ.”

“ಯಾವಾಗ ಅಂದ್ರಿ?”

“ಮಾರ್ಚಿನ್ಯಾಗ.”

ಇನ್ನೇನೋ ಹೇಳಿದರು: ನನ್ನ ಪರ್ಮಿಟ್ಟಿಗೂ ಓಡಾಡೋಣ, ಆಫೀಸಿನಲ್ಲಿ ವಿಚಾರಿಸೋಣ ಎಂದು. ಒಳ್ಳೆಯ ದನಿಯಲ್ಲೇ ಹೇಳಿದರು. ಅವರು ಕೆಟ್ಟವರಲ್ಲ, ಅಂದೂ ಹಾಗನ್ನಿಸಲಿಲ್ಲ. ನಾನು ಕಿಟಕಿ ಓರೆ ಮಾಡಿ ನಿಂತೆ. ಆ ಕಿಟಕಿ ಓರೆಯಾಗಿ ತೆರೆದರೆ ಗಾಳಿ ಬರುತ್ತಿತ್ತು, ತಲೆ ಹೊರಗೆ ಹಾಕಲು ಆಗುತ್ತಿರಲಿಲ್ಲ. ಜೂನ್ ಬಂತು, ಹೋಯಿತು. ಕಾಲೇಜಿನಲ್ಲಿ ನನ್ನ ಜಾಗಕ್ಕೆ ಬೇರೆಯವರು ಬಂದರೆಂದು ಅವ್ವ ಫೋನಿನಲ್ಲಿ ಹೇಳಿದಳು.

ಚಳಿ ಶುರುವಾದಾಗ ಹೊಸ ಕ್ಯಾಸೆಟ್ಟುಗಳು ಬಂದವು. ಗಂಡನ ಖಾತೆಗೆ ಅಳಿಯನಿಂದ ಅಂಕಗಳೇ ಬಂದಿರಲಿಲ್ಲ. “ನೀ ಹೇಳಿದ್ದ ಖರೆ ಆತು ನೋಡು,” ಎಂದು ಅವರು ಪ್ರಾಮಾಣಿಕವಾಗಿ ಮೆಚ್ಚಿಕೊಂಡರು. ಅವರು ಆಫೀಸಿಗೆ ಹೋದ ಮೇಲೆ ಒಬ್ಬಳೇ ಹಾಕಿ ನೋಡಿದೆ. ನಾನು ಹೇಳಿದ್ದು ಪೂರ್ತಿ ನಿಜವಾಗಿರಲಿಲ್ಲ. ಅವನು ತಡೆಯುವುದನ್ನು ಕಲಿತಿದ್ದ. ಮಂಡಿ ಬಾಗಿತ್ತು, ಕಾಲು ಅಗಲವಾಗಿತ್ತು, ಯಾರೂ ಅವನನ್ನು ಬೀಳಿಸಲಿಲ್ಲ. ರಿವೈಂಡ್ ಮಾಡಿದೆ. ಒಂದು ಆಟದಲ್ಲೂ ಅವನು ತಿರುಗಿ ಚೆಂಡು ಎಲ್ಲಿದೆ ಎಂದು ನೋಡಲಿಲ್ಲ.

ಟೀವಿ ಆರಿಸಿ, ಫೋನ್ ಕಾರ್ಡು ಕೆರೆದು ಧಾರವಾಡಕ್ಕೆ, ಗಂಡನ ಅಕ್ಕನಿಗೆ ಫೋನ್ ಮಾಡಿದೆ. ಹಬ್ಬದ ಮಾತಾಡಿದರು, ಅಲ್ಲಿ ಹಿಮ ಬಿತ್ತೇನು ಎಂದು ಕೇಳಿದರು. ನಾನು ನಡುವೆಯೇ ಒಂದು ಪ್ರಶ್ನೆ ಕೇಳಿದೆ. ಅವರು ಒಲೆಯ ಮೇಲೆ ಹಾಲಿಟ್ಟೀನಿ ಎಂದು ಫೋನ್ ಇಟ್ಟರು. ಆಮೇಲೆ ಎಷ್ಟೋ ಸಲ ಭೇಟಿಯಾಗಿದ್ದೇವೆ, ಒಂದೇ ಪಂಕ್ತಿಯಲ್ಲಿ ಉಂಡಿದ್ದೇವೆ. ಅವರು ಅದನ್ನು ಮರೆತಿರಲೂಬಹುದು. ನಾನು ಕೇಳಿದ್ದು ಇಷ್ಟೇ:

“ಅಕ್ಕಾ, ಅವತ್ತು ನನ್ನ ನೀರು ತರಾಕ ಕಳಿಸಿದ್ರಲ್ಲ, ಹೊಂದಿಕೊಂತಾಳ ಅಂತ ನನ್ನೊಳಗ ಏನ್ ನೋಡಿ ಹೇಳಿದ್ರಿ?”