ಅಕ್ಕ ನಿಂತ ಜಾಗ

ಬೆಳಗಿನ ಬಿಸಿಲು ಇನ್ನೂ ಎದುರಿನ ಕಟ್ಟಡವನ್ನು ದಾಟಿಲ್ಲ. ಮೂರನೆಯ ಮಹಡಿಯ ಕೋಣೆಯಲ್ಲಿ ನಟಿ ನೆಲ ಒರೆಸುವ ಕೋಲನ್ನು ಕುರ್ಚಿಗೆ ಕಟ್ಟಿ ಕಿಟಕಿಯ ಬಳಿ ನಿಲ್ಲಿಸುತ್ತಾರೆ. ಅದಕ್ಕೊಂದು ಬೂದು ಬಣ್ಣದ ಸ್ವೆಟರ್ ತೊಡಿಸುತ್ತಾರೆ. ಕ್ಯಾಮೆರಾದ ಹಿಂದೆ ಹೋಗಿ, ಸ್ವೆಟರಿನ ಹೆಣಿಗೆ ಎಳೆ ಎಳೆಯಾಗಿ ಕಾಣುವವರೆಗೆ ಫೋಕಸ್ ಹೊಂದಿಸುತ್ತಾರೆ. ಆಮೇಲೆ ಗುಂಡಿ ಒತ್ತಿ, ಕೋಲನ್ನು ಸರಿಸಿ, ಅದೇ ಸ್ವೆಟರ್ ತೊಟ್ಟು ಅದೇ ಜಾಗದಲ್ಲಿ ನಿಲ್ಲುತ್ತಾರೆ. ಕಥೆ ಬರೆಯುವುದು, ನಟಿಸುವುದು, ಚಿತ್ರ ತೆಗೆಯುವುದು ಎಲ್ಲವೂ ಇವರೇ. ಒಬ್ಬರೇ ಕ್ಯಾಮೆರಾದ ಹಿಂದೂ ಮುಂದೂ ಇರಲಾಗುವುದಿಲ್ಲ. ಅದಕ್ಕೇ ಈ ಕೋಲು.

ಹೋದ ವರ್ಷದವರೆಗೆ ಅಲ್ಲಿ ಅಕ್ಕ ನಿಲ್ಲುತ್ತಿದ್ದರು.

ಇವರು ಬೇರೆಯವರ ಸಿನಿಮಾಗಳಲ್ಲಿ ಪಕ್ಕದ ಮನೆಯವಳಾಗಿದ್ದಾರೆ, ನರ್ಸ್ ಆಗಿದ್ದಾರೆ, ಹೆಣವೂ ಆಗಿದ್ದಾರೆ. "ಹೆಣವೇ ಸುಖ, ಮಾತು ಮರೆಯೋ ಭಯ ಇಲ್ಲ" ಎನ್ನುತ್ತಾರೆ. ನಲವತ್ತು ದಾಟಿದ ಮೇಲೆ ಅದಕ್ಕೂ ಯಾರೂ ಕರೆಯಲಿಲ್ಲ. ಆಗ ಹಳೆಯ ಕ್ಯಾಮೆರಾ ಒಂದನ್ನು ಕೊಂಡು, ಅಕ್ಕನನ್ನು ಜೊತೆಗಿಟ್ಟುಕೊಂಡು ತಮ್ಮದೇ ಚಿತ್ರಗಳನ್ನು ಶುರು ಮಾಡಿದರು. ಆರು ಚಿತ್ರಗಳಾಗಿವೆ. ಗ್ರಂಥಾಲಯದ ಕೋಣೆಯಲ್ಲಿ ತೋರಿಸಿದರೆ ಅರ್ಧ ಕುರ್ಚಿಗಳು ಖಾಲಿ. ಹೊಟ್ಟೆಪಾಡಿಗೆ ಲಿಫ್ಟು, ಫೋನುಗಳ ಪ್ರಕಟಣೆಗಳಿಗೆ ಧ್ವನಿ ಕೊಡುತ್ತಾರೆ. ಕಾಯಿಲೆಯ ಅಕ್ಕನನ್ನು ಆಸ್ಪತ್ರೆಯ ಲಿಫ್ಟಿನಲ್ಲಿ ಕರೆದೊಯ್ಯುವಾಗ "ಬಾಗಿಲು ಮುಚ್ಚುತ್ತಿದೆ" ಎಂದದ್ದು ಇವರದೇ ಧ್ವನಿ.

ಏಳನೆಯ ಚಿತ್ರ, ಬಾರದವರಿಗಾಗಿ ಕಾಯುವ ಹೆಂಗಸಿನದು. ಕಿಟಕಿಯ ಬಳಿಯ ಕೊನೆಯ ದೃಶ್ಯವೇ ಅದರ ಜೀವ. ಹೋದ ವರ್ಷ ಅದನ್ನು ತೆಗೆದ ದಿನ ಒಂದು ಎಡವಟ್ಟಾಯಿತು. ಗುಂಡಿಯನ್ನು ಒಮ್ಮೆ ಒತ್ತಿದರೆ ಕ್ಯಾಮೆರಾ ಓಡುತ್ತದೆ, ಮತ್ತೊಮ್ಮೆ ಒತ್ತಿದರೆ ನಿಲ್ಲುತ್ತದೆ. ಅಕ್ಕನ ಮೇಲೆ ಫೋಕಸ್ ಹೊಂದಿಸುವಾಗಲೇ ಕೈತಪ್ಪಿ ಒತ್ತಿಬಿಟ್ಟಿದ್ದರು. ತಮ್ಮ ಸರದಿಗೆ ಮತ್ತೆ ಒತ್ತಿದರು. ಓಡುತ್ತಿದ್ದ ಕ್ಯಾಮೆರಾ ನಿಂತಿತು. ನಿಂತ ಕ್ಯಾಮೆರಾದ ಮುಂದೆ ಮನಸಾರೆ ಅತ್ತರು. ತಿಳಿದಾಗ ತಲೆ ತಲೆ ಚಚ್ಚಿಕೊಂಡರು.

ಅಕ್ಕ ನಕ್ಕಿದ್ದರು: "ನಾನು ನೋಡಿದೆನಲ್ಲ, ಸಾಕಲ್ವೇನೇ?"

ತಿಂಗಳೊಳಗೆ ದೇವರು ಅಕ್ಕನನ್ನು ಕರೆದುಕೊಂಡ.

ಈ ಕಿಟಕಿಗೆ ಬೇಕಾದ ಬಿಸಿಲು ಬೀಳುವುದು ವರ್ಷದಲ್ಲಿ ಕೆಲವೇ ದಿನ. ಆಮೇಲೆ ಸೂರ್ಯ ಎದುರಿನ ಕಟ್ಟಡದ ಹಿಂದೆ ಸರಿಯುತ್ತಾನೆ. ಈ ದೃಶ್ಯ ಸಿಗದಿದ್ದರೆ ಚಿತ್ರವಿಲ್ಲ. ದಿನವೂ ಬೆಳಗ್ಗೆ ನಿಲ್ಲುತ್ತಾರೆ, ತೆಗೆದದ್ದನ್ನು ನೋಡುತ್ತಾರೆ, ಅಳಿಸುತ್ತಾರೆ. ಇಂದೂ ನೋಡಿ ತಲೆಯಾಡಿಸುತ್ತಾರೆ. ತೆಗೆದದ್ದು ಹೇಗಿದೆ ಎಂದು ಕೇಳಲು ಕೋಣೆಯಲ್ಲಿ ಈಗ ಅಕ್ಕ ಇಲ್ಲ.

ಆಮೇಲೆ, ಇಷ್ಟು ದಿನ ಮುಟ್ಟದೆ ಇಟ್ಟಿದ್ದ ಆ ಎಡವಟ್ಟಿನ ತುಣುಕನ್ನು ತೆರೆಯುತ್ತಾರೆ. ಬೂದು ಸ್ವೆಟರಿನ ಅಕ್ಕ ಕಿಟಕಿಗೆ ಕೈಯೂರಿ ಬೀದಿ ನೋಡುತ್ತಿದ್ದಾರೆ. ನೋಯುವ ಕಾಲಿನ ಭಾರವನ್ನು ಇನ್ನೊಂದಕ್ಕೆ ಬದಲಿಸುತ್ತಾರೆ. ತಂಗಿ "ಆಯ್ತು" ಎನ್ನಲೆಂದು ಸುಮ್ಮನೆ ನಿಂತಿದ್ದಾರೆ.

"ನಾನು ಕಾಯೋ ಹಾಗೆ ನಟಿಸ್ತಿದ್ದೀನಿ" ಎನ್ನುತ್ತಾರೆ ನಟಿ. "ಅವಳು ಕಾಯ್ತಿದ್ದಾಳೆ."

ಎದ್ದು ಕೋಲಿನ ಕಟ್ಟು ಬಿಚ್ಚುತ್ತಾರೆ. ಸ್ವೆಟರನ್ನು ಮಡಿಸಿ ಕುರ್ಚಿಯ ಮೇಲಿಡುತ್ತಾರೆ. ಕೊನೆಯ ದೃಶ್ಯದಲ್ಲಿ ಅಕ್ಕನೇ ನಿಲ್ಲಲಿ. ಪಕ್ಕದಿಂದ ನೋಡಿದರೆ ಇಬ್ಬರೂ ಒಂದೇ ಥರ, ಯಾರಿಗೂ ಗೊತ್ತಾಗುವುದಿಲ್ಲವಂತೆ. ಆದರೆ ಗೊತ್ತಾಗಬೇಕು ಎನ್ನುವುದು ಇವರ ಆಸೆ.

"ಮೊದಲು ಅವಳ ಹೆಸರು, ಆಮೇಲೆ ನಂದು. ಕೊನೇಲಿ ಪರದೆ ಮೇಲೆ ಹೆಸರು ಬರೋ ಹೊತ್ತಿಗೆ ಗ್ರಂಥಾಲಯದವರು ದೀಪ ಹಾಕಿಬಿಡ್ತಾರೆ. ಈ ಸಲ ಸ್ವಲ್ಪ ತಡೀರಿ ಅಂತ ಕೇಳ್ಕೋಬೇಕು."