‘ದೋಷವಿಲ್ಲ’ ಎಂದು ಬರೆಯದ ಅಕ್ಕ

ಬೆಳಗಿನ ಐದೂವರೆ. ರೈಲು ಶೆಡ್ಡಿನಲ್ಲಿ ಕರೆಂಟ್ ತೆಗೆಸಿ ನಿಲ್ಲಿಸಿದ ಬೋಗಿಯೊಂದಕ್ಕೆ ಕಸ ಗುಡಿಸುವವರು, ಕಾವಲುಗಾರರು, ಹಾಜರಿ ಗುಮಾಸ್ತರು ಎಂದು ನಲವತ್ತು ಜನ ಹತ್ತಿ ಕುಳಿತಿದ್ದಾರೆ. ಹೋಗುವುದು ಎಲ್ಲಿಗೂ ಇಲ್ಲ. ಹಳಿಯ ನಡುವಿನ ಗುಂಡಿಯಲ್ಲಿ ಟಾರ್ಚ್, ಮೀಟರ್ ಹಿಡಿದು ನಿಂತವರು ಶೆಡ್ಡಿನ ಎಲೆಕ್ಟ್ರಿಷಿಯನ್. ಎಲ್ಲರ ಬಾಯಲ್ಲೂ ಅವರು ‘ಅಕ್ಕ’.

“ಎಲ್ರೂ ಬಲಗಡೆ ಬನ್ನಿ! ತೂಕ ಇರೋರು ಚಕ್ರದ ಮೇಲ್ಗಡೆ. ನಾಚ್ಕೋಬೇಡಿ!”

ವಿಷಯ ಇಷ್ಟು. ಈ ವಿದ್ಯುತ್ ರೈಲು ಒಂದೇ ವಾರದಲ್ಲಿ ಮೂರು ಸಲ ಕರೆಂಟ್ ಕಡಿದುಕೊಂಡು ನಡುದಾರಿಯಲ್ಲಿ ನಿಂತಿದೆ. ಮೂರು ಸಲವೂ ಓಡಿಸುತ್ತಿದ್ದವಳು ಹೊಸ ಚಾಲಕಿ. ಶೆಡ್ಡಿಗೆ ತಂದರೆ ಮಾತ್ರ ಏನೂ ಅರಿಯದ ಮಗುವಿನಂತೆ ತೆಪ್ಪಗಿರುತ್ತದೆ. ಏಳು ಗಂಟೆಯೊಳಗೆ ತಪಾಸಣೆ ಪುಸ್ತಕದಲ್ಲಿ ‘ದೋಷವಿಲ್ಲ’ ಎಂದು ಬಿದ್ದರೆ ತಪ್ಪು ಅವಳದೇ ಎಂದಾಗಿ, ಚಾಲಕಿಯ ಕೆಲಸದಿಂದ ಇಳಿಸುತ್ತಾರೆ.

“ಖಾಲಿ ಗಾಡೀಲಿ ಹುಡುಕಿದ್ರೆ ಏನ್ ಸಿಗುತ್ತೆ? ಜನ ತುಂಬಿದಾಗ ಬೋಗಿ ಎರಡು ಬೆರಳು ಕೆಳಗೆ ಕೂರುತ್ತೆ. ಆಗ ಯಾವ ತಂತಿ ಯಾವ ಕಬ್ಬಿಣಕ್ಕೆ ಮುತ್ತಿಡುತ್ತೋ!”

ಇಪ್ಪತ್ತಾರು ವರ್ಷದ ಸೇವೆ, ದಿನಕ್ಕೆ ಹನ್ನೆರಡು ಬೋಗಿ. ಬಾಗಿ ಬಾಗಿ ಬೆನ್ನು ಕೈಕೊಟ್ಟಿದೆ. ಜನ ಕೂರಿಸಿ ನೋಡುವ ಈ ಪದ್ಧತಿ ಯಾವ ಕೈಪಿಡಿಯಲ್ಲೂ ಇಲ್ಲ, ಅದನ್ನು ಕಲಿಸಿದ್ದು ಅಕ್ಕನದೇ ಒಂದು ತಪ್ಪು. ಹದಿನಾಲ್ಕು ವರ್ಷದ ಹಿಂದೆ ಇಂಥದ್ದೇ ರೈಲನ್ನು ಖಾಲಿಯಾಗಿ ನೋಡಿ ತಪಾಸಣೆ ಪುಸ್ತಕದಲ್ಲಿ ‘ದೋಷವಿಲ್ಲ’ ಎಂದು ಬರೆದು ಸಹಿ ಹಾಕಿದ್ದರು. ಚಾಲಕನನ್ನು ಇಳಿಸಿದರು. ಮೂರು ತಿಂಗಳ ಮೇಲೆ ಅದೇ ರೈಲಿನಲ್ಲಿ ಸವೆದ ತಂತಿ ಸಿಕ್ಕಿತು. ಪುಸ್ತಕದ ಸಾಲನ್ನು ಮಾತ್ರ ಯಾರೂ ತಿದ್ದಲಿಲ್ಲ, ಆತ ಮತ್ತೆ ರೈಲು ಓಡಿಸಲಿಲ್ಲ. ಈಗ ಇದೇ ಶೆಡ್ಡಿನ ಹಾಜರಿ ಗುಮಾಸ್ತರು. ಅಕ್ಕ ಕರೆದಾಗಲೆಲ್ಲ ಮೊದಲು ಬೋಗಿ ಹತ್ತುವವರೂ ಅವರೇ.

“ತೊಂಬತ್ತು ಕಿಲೋ ಇದ್ದೀನಿ. ಇದಾದ್ರೂ ಉಪಯೋಗಕ್ಕೆ ಬರ್ಲಿ,” ಎಂದು ನಗುತ್ತಾರೆ. ಆ ನಗು ಕೇಳಿದರೆ ಅಕ್ಕ ಇವತ್ತಿಗೂ ನೋಡಿದ ತಂತಿಯನ್ನೇ ಇನ್ನೊಮ್ಮೆ ನೋಡುತ್ತಾರೆ.

ಆರೂ ನಲವತ್ತಕ್ಕೆ ಮೀಟರ್ ಕೀಂಗುಡುತ್ತದೆ. ಬೋಗಿ ತಗ್ಗಿದಾಗ ಮಾತ್ರ ಕಬ್ಬಿಣದ ಕೊಕ್ಕೆಗೆ ತಾಗುವ ತಂತಿ. ಸಿಪ್ಪೆ ಎದ್ದಿರುವುದು ಕಿರುಬೆರಳಿನ ಉಗುರಿನಷ್ಟು. ಗುಂಡಿಯ ಅಂಚಿನಲ್ಲಿ ಕುಳಿತಿದ್ದ ಹೊಸ ಚಾಲಕಿ ಬಿಕ್ಕಿ ಬಿಕ್ಕಿ ಅಳುತ್ತಾಳೆ.

“ಅಳೋದು ಆಮೇಲೆ. ಹೋಗಿ ಮುಖ ತೊಳ್ಕೋ, ಇವತ್ತು ಗಾಡಿ ಓಡಿಸ್ಬೇಕಲ್ಲ!” ಎಂದು ಗದರುವ ಅಕ್ಕನ ಕಣ್ಣೂ ಒದ್ದೆ.

ಮುಂದಿನ ವರ್ಷ ನಿವೃತ್ತಿ. ಅದಕ್ಕೆ ಮೊದಲು ಏನಾದರೂ ಆಸೆ ಇದೆಯೇ ಎಂದರೆ ಕೈಯ ಗ್ರೀಸ್ ಒರೆಸಿಕೊಳ್ಳುತ್ತ, ಬೋಗಿಯಿಂದ ಮೆಲ್ಲಗೆ ಇಳಿಯುತ್ತಿರುವ ಗುಮಾಸ್ತರ ಕಡೆ ನೋಡುತ್ತಾರೆ.

“ಆ ಹಳೇ ಪುಸ್ತಕ ಆಫೀಸಿನ ಕಪಾಟಲ್ಲೇ ಇದೆ. ಒಂದ್ಸಲ ಕೈಗೆ ಕೊಡ್ಲಿ, ಸಾಕು. ನನ್ನ ಸಹಿ ಕೆಳಗೆ ಒಂದೇ ಸಾಲು ಬರೀಬೇಕು: ದೋಷ ಇತ್ತು, ನನಗೆ ಕಾಣ್ಲಿಲ್ಲ.”